ಡರ್ಟ್ ರೇಸ್‌ಗೆ ಗಾಡಿ ತಗೊಳ್ಳೋ ಮುಂಚೆ ಕ್ಲಾಸ್ ಯಾವುದು ಅಂತ ನೋಡಿ

ಟಿನ್ ಫ್ಯಾಕ್ಟರಿ: ಭಾನುವಾರ ಬೆಳಗಿನ ಜಾವ ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್ ಹತ್ತಿರ ನಿಂತರೆ ಎರಡು ಥರದ ಬೈಕ್ ಹುಡುಗರು ಕಾಣುತ್ತಾರೆ. ಒಂದು ಗುಂಪು ಹೊಸಕೋಟೆ ಬಿರಿಯಾನಿಗೆ ಹೊರಟಿದ್ದು. ಇನ್ನೊಂದು ಗುಂಪು ಅದೇ ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆಯನ್ನೂ ದಾಟಿ ಕೋಲಾರದ ಕಡೆಗೆ ಹೋಗುತ್ತದೆ. ಈ ಎರಡನೇ ಗುಂಪಿನ ಬೈಕ್‌ಗಳಿಗೆ ಬಟನ್ ಟೈರ್ ಇರುತ್ತದೆ, ಸವಾರನ ಕಾಲಿಗೆ ಮೊಣಕಾಲವರೆಗೆ ಬೂಟು ಇರುತ್ತದೆ. ಇವರಿಗೆ ಬೇಕಾಗಿರುವುದು ಮಣ್ಣಿನ ಟ್ರ್ಯಾಕ್.

ಡರ್ಟ್ ರೇಸ್ ಹುಚ್ಚು ಈ ಭಾಗಕ್ಕೆ ಹೊಸದೇನಲ್ಲ. ಆದರೆ ಈಗ ಮೊಬೈಲ್‌ನಲ್ಲಿ ರೇಸ್ ವಿಡಿಯೊ ನೋಡಿದ ಹುಡುಗ ಸಂಜೆ ಅಂಗಡಿಗೆ ಬಂದು ಗಲ್ಲಾದ ಮುಂದೆ ನಿಂತು "ಅಪ್ಪಾ, ಒಂದು ಡರ್ಟ್ ಬೈಕ್ ಕೊಡ್ಸು" ಅಂತ ಕೇಳುತ್ತಾನೆ. ಅಪ್ಪ ಕೇಳುವ ಮೊದಲ ಪ್ರಶ್ನೆ, "ಎಷ್ಟಾಗುತ್ತೆ?" ಮಗ ಹೇಳುವ ಮೊದಲ ಉತ್ತರ, "ಇಷ್ಟು ಸಿಸಿ." ಇಬ್ಬರೂ ಕೇಳದೇ ಬಿಡುವ ಪ್ರಶ್ನೆಯೊಂದಿದೆ: ಆ ಗಾಡಿ ಯಾವ ಕ್ಲಾಸ್‌ನಲ್ಲಿ ಓಡುತ್ತೆ? ಆ ಕ್ಲಾಸ್‌ನಲ್ಲಿ ಇನ್ಯಾರು ಓಡುತ್ತಾರೆ?

ಗಾಡಿ ತಗೊಂಡ ಮೇಲೆ ಕ್ಲಾಸ್ ಹುಡುಕಲು ಹೋದರೆ ದುಡ್ಡೂ ಹೋಗುತ್ತೆ, ವರ್ಷವೂ ಹೋಗುತ್ತೆ. ಕ್ಲಾಸ್ ನೋಡಿಕೊಂಡು ಗಾಡಿ ತಗೊಂಡರೆ ಅಂಗಡಿ ವ್ಯಾಪಾರದ ದುಡ್ಡಿಗೆ ಕೈ ಹಾಕದೆ ಒಂದು ಸೀಸನ್ ಮುಗಿಸಬಹುದು. ಅದು ಹೇಗೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳಲಾಗಿದೆ.

ಕ್ಲಾಸ್ ಅಂದ್ರೆ ಏನು?

ಕುಸ್ತಿಯಲ್ಲಿ 60 ಕೆಜಿಯವನನ್ನು 90 ಕೆಜಿಯವನ ಮೇಲೆ ಬಿಡುವುದಿಲ್ಲ. ರೇಸ್‌ನಲ್ಲೂ ಹಾಗೇ. ಇಲ್ಲಿ ತೂಕದ ಬದಲು ಎಂಜಿನ್ ಗಾತ್ರ ನೋಡುತ್ತಾರೆ. ಅದೇ ಸಿಸಿ, ಅಂದರೆ ಕ್ಯೂಬಿಕ್ ಸೆಂಟಿಮೀಟರ್. ಒಂದೇ ಅಳತೆಯ ಎಂಜಿನ್‌ಗಳನ್ನು ಒಟ್ಟಿಗೆ ಓಡಿಸಿದರೆ ಗೆಲ್ಲುವುದು ಸವಾರನ ಕೈಚಳಕ, ಜೇಬಿನ ತೂಕವಲ್ಲ ಅನ್ನುವುದು ಇದರ ಹಿಂದಿನ ಲೆಕ್ಕ.

ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ಊರಲ್ಲೇ ನಡೆದಿದೆ. 2024ರ ಫೆಬ್ರುವರಿ 25ರಂದು ವಿಮಾನ ನಿಲ್ದಾಣ ರಸ್ತೆಯ ಚಿಕ್ಕಜಾಲದ ಬಯಲಿನಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್‌ನ ಮೊದಲ ಸೀಸನ್‌ನ ಕೊನೇ ಸುತ್ತು ನಡೆಯಿತು. ಮಣ್ಣಿನ ದಿಬ್ಬ ಕಟ್ಟಿ, ಬೈಕ್‌ಗಳು ಗಾಳಿಯಲ್ಲಿ ಹಾರುವುದನ್ನು ಜನ ನೋಡಿದರು. ಅಲ್ಲಿ ಎಲ್ಲರನ್ನೂ ಒಟ್ಟಿಗೆ ಬಿಡಲಿಲ್ಲ. ನಾಲ್ಕು ವಿಭಾಗಗಳಿದ್ದವು: 450 ಸಿಸಿ ಅಂತರರಾಷ್ಟ್ರೀಯ ಸವಾರರು, 250 ಸಿಸಿ ಅಂತರರಾಷ್ಟ್ರೀಯ ಸವಾರರು, 250 ಸಿಸಿ ಭಾರತ–ಏಷ್ಯಾ ಮಿಶ್ರ ವಿಭಾಗ, ಮತ್ತು 85 ಸಿಸಿ ಜೂನಿಯರ್.

ಇಲ್ಲಿ ಗಮನಿಸಬೇಕಾದ್ದು 250 ಸಿಸಿಯಲ್ಲೇ ಎರಡು ವಿಭಾಗ ಇರುವುದು. ಎಂಜಿನ್ ಒಂದೇ, ಸವಾರರು ಬೇರೆ. ಅಂದರೆ ಕ್ಲಾಸ್ ಅನ್ನುವುದು ಸಿಸಿಯಿಂದ ಶುರುವಾಗುತ್ತದೆ, ಅಲ್ಲಿಗೇ ಮುಗಿಯುವುದಿಲ್ಲ. ಗಾಡಿ ಇಲ್ಲಿಯದೋ ವಿದೇಶದ್ದೋ, ಎಂಜಿನ್ ಮುಟ್ಟಿದ್ದಾರೋ ಇಲ್ಲವೋ, ಸವಾರ ಹೊಸಬನೋ ಪಳಗಿದವನೋ ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಸಿಸಿ ಲೆಕ್ಕ ಹಾಕೋದು ಹೇಗೆ?

ಪಿಸ್ಟನ್ ಓಡಾಡುವ ಸಿಲಿಂಡರ್‌ನ ಅಗಲಕ್ಕೆ ಬೋರ್ ಅಂತಾರೆ. ಪಿಸ್ಟನ್ ಮೇಲಿಂದ ಕೆಳಗೆ ಹೋಗುವ ದೂರಕ್ಕೆ ಸ್ಟ್ರೋಕ್ ಅಂತಾರೆ. ಶಾಲೆಯಲ್ಲಿ ಕಲಿತ ಸಿಲಿಂಡರ್ ಲೆಕ್ಕವೇ ಇದು: ಬೋರ್‌ನ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಆಮೇಲೆ ಸ್ಟ್ರೋಕ್‌ನಿಂದ ಗುಣಿಸಬೇಕು.

ಎಲ್ಲರಿಗೂ ಗೊತ್ತಿರುವ ಯಮಹಾ ಆರ್‌ಎಕ್ಸ್ 100 ತಗೊಳ್ಳಿ. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ. ಲೆಕ್ಕ ಹಾಕಿದರೆ ಸುಮಾರು 98 ಸಿಸಿ ಬರುತ್ತದೆ. ಹೆಸರಿನಲ್ಲಿ 100 ಇದ್ದರೂ ಎಂಜಿನ್ 98.

ಈಗ ಅದೇ ಎಂಜಿನ್ ಹೊಗೆ ಹಾಕಲು ಶುರು ಮಾಡಿತು, ಮೆಕ್ಯಾನಿಕ್ "ಬೋರ್‌ಗೆ ಬಂದಿದೆ" ಅಂದ. ಲೇತ್‌ಗೆ ಕೊಟ್ಟು ಅರ್ಧ ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿದರು. ಬೋರ್ 50.5 ಆಯಿತು. ಎಂಜಿನ್ ಈಗ 100.1 ಸಿಸಿ. ರೇಸ್‌ನ ನಿಯಮದಲ್ಲಿ "100 ಸಿಸಿವರೆಗೆ" ಅಂತ ಇದ್ದರೆ ಈ ಗಾಡಿ ಆ ಕ್ಲಾಸ್‌ನಿಂದ ಹೊರಗೆ ಬಿತ್ತು. ಮೇಲಿನ ಕ್ಲಾಸ್‌ನಲ್ಲಿ ತನಗಿಂತ ದೊಡ್ಡ ಗಾಡಿಗಳ ಜೊತೆ ಓಡಬೇಕು. ರಿಪೇರಿಗೆ ಅಂತ ಮಾಡಿದ ಕೆಲಸ ಕ್ಲಾಸನ್ನೇ ಬದಲಾಯಿಸಿಬಿಟ್ಟಿತು.

ಇನ್ನೊಂದು ಉದಾಹರಣೆ. ಹೊಸೂರಿನಲ್ಲಿ ತಯಾರಾಗುವ ಟಿವಿಎಸ್ ಅಪಾಚೆ ಆರ್‌ಟಿಆರ್ 160ರ ಬೋರ್ 62 ಮಿ.ಮೀ., ಸ್ಟ್ರೋಕ್ 52.9. ಎಂಜಿನ್ 159.7 ಸಿಸಿ. ನಮ್ಮ ದೇಶದ ರೇಸ್‌ಗಳಲ್ಲಿ 165 ಸಿಸಿ ಅನ್ನುವುದು ಹಳೇ ಗೆರೆ. ಒಂದು ಮಿ.ಮೀ. ಬೋರ್ ಹೆಚ್ಚಿಸಿ 63 ಮಾಡಿದರೆ 164.9 ಸಿಸಿ. ಗೆರೆಯ ಒಳಗೇ ಇದೆ. ಅದರ ಮೇಲೆ ಕಾಲು ಮಿ.ಮೀ. ಹೋದರೆ 166 ದಾಟುತ್ತದೆ, ಗಾಡಿ ಹೊರಗೆ. ರೇಸ್ ಗಾಡಿಗೆ ಕೆಲಸ ಮಾಡುವ ಲೇತ್‌ನವರು ಕೂದಲೆಳೆ ಅಳತೆಗೆ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಟೂ ಸ್ಟ್ರೋಕ್ 125, ಫೋರ್ ಸ್ಟ್ರೋಕ್ 250: ಇಬ್ಬರೂ ಒಂದೇ ಸಾಲಿನಲ್ಲಿ

ಸಿಸಿ ಒಂದೇ ಆದರೂ ಎಲ್ಲ ಎಂಜಿನ್ ಒಂದೇ ಅಲ್ಲ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ಫೋರ್ ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಹಾಗಾಗಿ ಅದೇ ಗಾತ್ರದ ಟೂ ಸ್ಟ್ರೋಕ್ ಹೆಚ್ಚು ಒದೆಯುತ್ತದೆ, ತೂಕವೂ ಕಡಿಮೆ.

ಇದನ್ನು ಸರಿದೂಗಿಸಲು ಅಂತರರಾಷ್ಟ್ರೀಯ ಮೋಟೋಕ್ರಾಸ್‌ನಲ್ಲಿ 125 ಸಿಸಿ ಟೂ ಸ್ಟ್ರೋಕ್ ಗಾಡಿಯನ್ನು 250 ಸಿಸಿ ಫೋರ್ ಸ್ಟ್ರೋಕ್ ಜೊತೆಗೆ, 250 ಟೂ ಸ್ಟ್ರೋಕನ್ನು 450 ಫೋರ್ ಸ್ಟ್ರೋಕ್ ಜೊತೆಗೆ ಇಟ್ಟಿದ್ದಾರೆ. ಹಳೇ ಆರ್‌ಎಕ್ಸ್, ಶೋಗನ್ ಎಂಜಿನ್ ಇಟ್ಟುಕೊಂಡು ರೇಸ್‌ಗೆ ಬರುವವರು ಮೊದಲು ನೋಡಬೇಕಾದ್ದು ಇದನ್ನೇ: ಆ ರೇಸ್‌ನಲ್ಲಿ ಟೂ ಸ್ಟ್ರೋಕ್‌ಗೆ ಬೇರೆ ಕ್ಲಾಸ್ ಇದೆಯಾ, ಅಥವಾ ಫೋರ್ ಸ್ಟ್ರೋಕ್ ಜೊತೆ ಸೇರಿಸಿದ್ದಾರಾ?

ಟೂ ಸ್ಟ್ರೋಕ್‌ನಲ್ಲಿ ಒಂದು ಅನುಕೂಲ ಇದೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಹೆಡ್ ಬಿಚ್ಚಿ, ಪಿಸ್ಟನ್ ರಿಂಗ್ ಬದಲಾಯಿಸಲು ಪಳಗಿದ ಮೆಕ್ಯಾನಿಕ್‌ಗೆ ಅರ್ಧ ದಿನ ಸಾಕು. ತೊಂದರೆ ಏನೆಂದರೆ ಆರ್‌ಎಕ್ಸ್ 100 ತಯಾರಿಕೆ 1996ರಲ್ಲೇ ನಿಂತಿದೆ. ಒಳ್ಳೆ ಸ್ಥಿತಿಯ ಗಾಡಿಗೆ ಈಗ ಲಕ್ಷದ ಮೇಲೆ ಕೇಳುತ್ತಾರೆ. ಒರಿಜಿನಲ್ ಸಿಲಿಂಡರ್ ಬ್ಲಾಕ್ ಸಿಗುವುದು ಕಷ್ಟ, ಸಿಕ್ಕಿದ್ದು ಎಷ್ಟನೇ ಬೋರ್ ಅನ್ನುವುದು ಬಿಚ್ಚುವವರೆಗೂ ಗೊತ್ತಾಗುವುದಿಲ್ಲ. ಅಂಥ ಗಾಡಿಯನ್ನು ಮಣ್ಣಿನ ದಿಬ್ಬದ ಮೇಲಿಂದ ಬೀಳಿಸುವ ಮುಂಚೆ ಎರಡು ಸಲ ಯೋಚಿಸಬೇಕು.

ಸ್ಟಾಕ್ ಬೇರೆ, ಮಾಡಿಫೈಡ್ ಬೇರೆ

ಅಪ್ಪಂದಿರ ಜೇಬಿಗೆ ಕತ್ತರಿ ಬೀಳುವುದು ಇಲ್ಲಿ.

ಸ್ಟಾಕ್ ಕ್ಲಾಸ್ ಅಂದರೆ ಶೋರೂಂನಿಂದ ಬಂದ ಎಂಜಿನ್ ಹಾಗೇ ಇರಬೇಕು. ಟೈರ್, ಹ್ಯಾಂಡಲ್, ಫುಟ್‌ರೆಸ್ಟ್, ಸ್ಪ್ರಾಕೆಟ್‌ನಂಥ ಕೆಲವನ್ನು ಮಾತ್ರ ಬದಲಾಯಿಸಲು ಬಿಡುತ್ತಾರೆ. ಹೆಡ್‌ಲೈಟ್, ಕನ್ನಡಿ, ಇಂಡಿಕೇಟರ್ ಬಿಚ್ಚಿಸುತ್ತಾರೆ. ಬಿದ್ದಾಗ ಗಾಜು ಚುಚ್ಚಬಾರದು ಅಂತ.

ಮಾಡಿಫೈಡ್ ಕ್ಲಾಸ್‌ನಲ್ಲಿ ಕ್ಯಾಮ್, ಪಿಸ್ಟನ್, ಕಾರ್ಬುರೇಟರ್, ಸೈಲೆನ್ಸರ್, ಶಾಕ್ ಅಬ್ಸಾರ್ಬರ್ ಬದಲಾಯಿಸಬಹುದು. ಗಾಡಿ ಹಾರುತ್ತದೆ ನಿಜ. ಆದರೆ ಇದಕ್ಕೆ ಕೊನೆ ಅನ್ನುವುದಿಲ್ಲ. ಪಕ್ಕದವನು ಕ್ಯಾಮ್ ಹಾಕಿಸಿದರೆ ನಾವೂ ಹಾಕಿಸಬೇಕು. ಅವನು ಹೊರಗಿನಿಂದ ಶಾಕ್ ತರಿಸಿದರೆ ನಾವೂ ತರಿಸಬೇಕು. ಗೆಲ್ಲುವ ಆಸೆ ಇದ್ದವನಿಗೆ ಸುಮ್ಮನಿರಲು ಆಗುವುದಿಲ್ಲ.

ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಅನ್ನುವುದು ಪ್ರತಿ ರೇಸ್‌ಗೂ ಹೊರಡಿಸುವ ನಿಯಮಪತ್ರದಲ್ಲಿ ಬರೆದಿರುತ್ತದೆ. ಒಂದು ಓವರ್‌ಸೈಜ್ ಬೋರ್‌ಗೆ ಅವಕಾಶ ಇದೆಯೋ ಇಲ್ಲವೋ ಅನ್ನುವುದೂ ಅದರಲ್ಲೇ ಇರುತ್ತದೆ. ರೇಸ್‌ಗೆ ಮುಂಚೆ ಗಾಡಿ ತಪಾಸಣೆ ಆಗುತ್ತದೆ. ಗೆದ್ದ ಗಾಡಿಗಳ ಎಂಜಿನ್ ಬಿಚ್ಚಿ ಅಳೆಯುವುದೂ ಉಂಟು. "ಗೊತ್ತಿರಲಿಲ್ಲ ಸಾರ್" ಅಂದರೆ ಯಾರೂ ಕೇಳುವುದಿಲ್ಲ, ಗೆದ್ದ ಕಪ್ ವಾಪಸ್ ಕೊಡಬೇಕಾಗುತ್ತದೆ.

ಅಮೆರಿಕದ ಹಳ್ಳಿ ಟ್ರ್ಯಾಕ್‌ನಲ್ಲೂ ಇದೇ ಲೆಕ್ಕ

ಇದು ನಮ್ಮ ಒಬ್ಬರ ಗೋಳಲ್ಲ. ಅಮೆರಿಕದ ಸಣ್ಣ ಸಣ್ಣ ಊರುಗಳಲ್ಲಿ ಮಣ್ಣಿನ ಗುಂಡು ಟ್ರ್ಯಾಕ್‌ಗಳಿವೆ. ಜಾತ್ರೆಗೆ ಜನ ಸೇರುವ ಹಾಗೆ ಅಲ್ಲಿ ವಾರಾಂತ್ಯದ ರಾತ್ರಿ ರೇಸ್‌ಗೆ ಸೇರುತ್ತಾರೆ. ಅಲ್ಲಿ ಓಡುವ ಕಾರಿಗೆ ಸ್ಪ್ರಿಂಟ್ ಕಾರ್ ಅಂತ ಹೆಸರು. ತಲೆಯ ಮೇಲೆ ದೊಡ್ಡ ರೆಕ್ಕೆ, ಒಬ್ಬನೇ ಕೂರುವ ಸೀಟು. ಕ್ಲಚ್ ಇಲ್ಲ, ಗೇರ್ ಬಾಕ್ಸ್ ಇಲ್ಲ, ಸೆಲ್ಫ್ ಸ್ಟಾರ್ಟ್ ಕೂಡ ಇಲ್ಲ. ಹಿಂದಿನಿಂದ ಬೇರೆ ಗಾಡಿ ತಳ್ಳಿದರೆ ಸ್ಟಾರ್ಟ್ ಆಗುತ್ತದೆ.

ಅವರ ಎಂಜಿನ್ ಅಳತೆ ಕ್ಯೂಬಿಕ್ ಇಂಚಿನಲ್ಲಿ. ಮುಖ್ಯವಾಗಿ ಮೂರು ಕ್ಲಾಸ್: 410, 360, 305. ನಮ್ಮ ಲೆಕ್ಕದಲ್ಲಿ ಸುಮಾರು 6.7 ಲೀಟರ್, 5.9 ಲೀಟರ್, 5 ಲೀಟರ್. 410 ಎಂಜಿನ್ ಹತ್ತಿರ ಹತ್ತಿರ 900 ಎಚ್‌ಪಿ ಕೊಡುತ್ತದೆ. ಕಾರಿನ ತೂಕ ಚಾಲಕನೂ ಸೇರಿ ನಮ್ಮ ಹಳೇ ಮಾರುತಿ 800ರಷ್ಟೇ. ಮಾರುತಿ 800ರಲ್ಲಿ ಇದ್ದದ್ದು 40 ಎಚ್‌ಪಿಯೂ ಇಲ್ಲ ಅಂದರೆ ಅಂದಾಜು ಸಿಗುತ್ತದೆ.

1978ರಲ್ಲಿ ಶುರುವಾದ ವರ್ಲ್ಡ್ ಆಫ್ ಔಟ್‌ಲಾಸ್ ಅನ್ನುವ ದೊಡ್ಡ ಸರಣಿ ಓಡುವುದು 410ರಲ್ಲಿ. ಅದರಲ್ಲಿ ಎಂಜಿನ್ ಒಂದಕ್ಕೇ ಹತ್ತಾರು ಸಾವಿರ ಡಾಲರ್ ಬೇಕು. ಊರಿನ ಗ್ಯಾರೇಜ್‌ನವರು, ರೈತರು, ಅಂಗಡಿಯವರು ಅಷ್ಟು ಎಲ್ಲಿಂದ ತರುತ್ತಾರೆ? ಅದಕ್ಕೇ 305 ಕ್ಲಾಸ್ ಬೆಳೆಯಿತು. ಎಂಜಿನ್ ಚಿಕ್ಕದು, ಏನೇನು ಹಾಕಬಹುದು ಅನ್ನುವುದಕ್ಕೆ ನಿಯಮ ಬಿಗಿ, ಖರ್ಚಿಗೆ ಒಂದು ಕಡಿವಾಣ. ಅದಕ್ಕೂ ಆಗದವರಿಗೆ 600 ಸಿಸಿ ಬೈಕ್ ಎಂಜಿನ್ ಹಾಕಿದ ಮೈಕ್ರೊ ಸ್ಪ್ರಿಂಟ್ ಇದೆ.

ಅಲ್ಲಿನ ಟ್ರ್ಯಾಕ್ ನಡೆಸುವವರು ಕ್ಲಾಸ್ ಆರಿಸುವಾಗ ಒಂದೇ ಮಾತು ನೋಡುತ್ತಾರೆ: ವಾರ ವಾರ ಎಷ್ಟು ಗಾಡಿ ಬರುತ್ತವೆ? ಐದು ದೊಡ್ಡ ಗಾಡಿ ಬಂದು ಮೂರು ಕೆಟ್ಟು ನಿಂತರೆ ನೋಡಲು ಜನ ಬರುವುದಿಲ್ಲ. ಇಪ್ಪತ್ತು ಚಿಕ್ಕ ಗಾಡಿ ಒಟ್ಟಿಗೆ ಓಡಿದರೆ ಕಡ್ಲೇಕಾಯಿ ಮಾರುವವನಿಗೂ ವ್ಯಾಪಾರ ಆಗುತ್ತದೆ. ಸವಾರನೂ ಇದನ್ನೇ ನೋಡಬೇಕು. ಗಾಡಿ ಹೆಚ್ಚಿರುವ ಕ್ಲಾಸ್‌ನಲ್ಲಿ ಕಲಿಯುವುದು ಹೆಚ್ಚು, ಸ್ಪೇರ್ ಸಿಗುವುದು ಸುಲಭ, ಮಾರುವಾಗ ಕೊಳ್ಳುವವರೂ ಸಿಗುತ್ತಾರೆ.

ಹಾಗಾದರೆ ಯಾವ ಕ್ಲಾಸ್ ಯಾರಿಗೆ?

ಮಕ್ಕಳಿಗೆ: 65 ಮತ್ತು 85 ಸಿಸಿ ಡರ್ಟ್ ಬೈಕ್‌ಗಳು ಮಕ್ಕಳ ಎತ್ತರ, ತೂಕ ನೋಡಿ ಮಾಡಿದವು. ಅಪ್ಪನ ಸ್ಕೂಟರ್ ಕೊಟ್ಟು "ಕಲಿ" ಅನ್ನುವುದಕ್ಕಿಂತ ಇದು ಎಷ್ಟೋ ಪಾಲು ಕ್ಷೇಮ. ಆದರೆ ಮಗು ಬೆಳೆದ ಹಾಗೆ ಎರಡು ವರ್ಷಕ್ಕೆ ಗಾಡಿ ಚಿಕ್ಕದಾಗುತ್ತದೆ. ಹೊಸದು ಕೊಳ್ಳುವುದಕ್ಕಿಂತ ತರಬೇತಿ ಶಾಲೆಯ ಗಾಡಿಯಲ್ಲಿ ಕಲಿಸುವುದು, ಇಲ್ಲವೇ ಸೆಕೆಂಡ್ ಹ್ಯಾಂಡ್ ನೋಡುವುದು ಒಳ್ಳೇದು. ನಾಲ್ಕು ಚಕ್ರದ ಆಸೆ ಇರುವ ಮಕ್ಕಳಿಗೆ ಹೆಣ್ಣೂರು–ಬಾಗಲೂರು ರಸ್ತೆಯ ಮೆಕೊ ಕಾರ್ಟೋಪಿಯಾದಂಥ ಗೋ ಕಾರ್ಟ್ ಟ್ರ್ಯಾಕ್ ಹತ್ತಿರವೇ ಇದೆ.

ಹೊಸಬರಿಗೆ: 165 ಸಿಸಿವರೆಗಿನ ಇಂಡಿಯನ್ ಗಾಡಿ, ಅದರಲ್ಲೂ ಸ್ಟಾಕ್ ಅಥವಾ ನೋವಿಸ್ ವಿಭಾಗ. 150, 160 ಸಿಸಿ ಗಾಡಿಗಳು ಬೀದಿಗೊಂದು ಇವೆ. ಕ್ಲಚ್ ಪ್ಲೇಟ್, ಲಿವರ್, ಕೇಬಲ್, ಚೈನ್ ಸ್ಪ್ರಾಕೆಟ್ ಕೆ.ಆರ್.ಪುರದ ಯಾವ ಸ್ಪೇರ್ ಅಂಗಡಿಯಲ್ಲೂ ಸಿಗುತ್ತದೆ. ಶನಿವಾರ ರಾತ್ರಿ ಮುರಿದರೆ ಭಾನುವಾರ ಬೆಳಗ್ಗೆ ಸರಿ ಮಾಡಬಹುದು.

ಒಂದೆರಡು ಸೀಸನ್ ಓಡಿದವರಿಗೆ: 260 ಸಿಸಿವರೆಗಿನ ಇಂಡಿಯನ್ ಗಾಡಿ. ಹೀರೊ ಎಕ್ಸ್‌ಪಲ್ಸ್ 200 (199.6 ಸಿಸಿ), ಅಪಾಚೆ ಆರ್‌ಟಿಆರ್ 200 (197.75 ಸಿಸಿ) ಇಲ್ಲಿ ಬರುತ್ತವೆ. ಎಕ್ಸ್‌ಪಲ್ಸ್‌ಗೆ ಕಂಪನಿಯೇ ರ‍್ಯಾಲಿ ಕಿಟ್ ಕೊಡುತ್ತದೆ. ಎತ್ತರದ ಸಸ್ಪೆನ್ಷನ್ ಇರುವುದರಿಂದ ಮಣ್ಣಿಗೆ ಹೊಂದುತ್ತದೆ. ಆದರೆ 200 ಸಿಸಿ ಗಾಡಿ 260ರ ಕ್ಲಾಸ್‌ನಲ್ಲಿ ಗಾತ್ರದಲ್ಲಿ ಕೆಳಗೇ ಇರುತ್ತದೆ ಅನ್ನುವುದು ನೆನಪಿರಲಿ.

250 ಸಿಸಿ ವಿದೇಶಿ ಮೋಟೋಕ್ರಾಸ್: ಕವಾಸಕಿ ಕೆಎಕ್ಸ್ 250ಯಂಥ ಗಾಡಿಗಳು. ಇವಕ್ಕೆ ನಂಬರ್ ಪ್ಲೇಟ್ ಸಿಗುವುದಿಲ್ಲ, ರಸ್ತೆಯಲ್ಲಿ ಓಡಿಸುವಂತಿಲ್ಲ. ಟ್ರ್ಯಾಕ್‌ಗೆ ಟಾಟಾ ಏಸ್‌ನಲ್ಲೇ ಹೊತ್ತುಕೊಂಡು ಹೋಗಬೇಕು. ಕೆಲವು ವರ್ಷದ ಹಿಂದೆಯೇ ಶೋರೂಂ ಬೆಲೆ 8 ಲಕ್ಷದ ಆಸುಪಾಸು ಇತ್ತು. 250 ಅನ್ನುವ ಅಂಕಿ ನೋಡಿ ನಮ್ಮ ಊರಿನ 250 ಸಿಸಿ ಗಾಡಿಯ ಥರ ಅಂದುಕೊಳ್ಳಬಾರದು. ಇದು ರೇಸ್‌ಗೆಂದೇ ಹುಟ್ಟಿದ ಎಂಜಿನ್.

450 ಸಿಸಿ: ಇದು ಕಲಿಯುವವರ ಗಾಡಿಯೇ ಅಲ್ಲ. ಜಗತ್ತಿನ ಅತಿ ಕಷ್ಟದ ರ‍್ಯಾಲಿ ಅನ್ನಿಸಿಕೊಂಡ ಡಕಾರ್‌ನಲ್ಲೇ ಬೈಕ್‌ಗಳಿಗೆ 450 ಸಿಸಿಯ ಮಿತಿ ಹಾಕಿ ವರ್ಷಗಳಾಗಿವೆ. ವೇಗ ಮಿತಿ ಮೀರುತ್ತಿದೆ ಅಂತ ದೊಡ್ಡ ಎಂಜಿನ್‌ಗಳನ್ನು ಹೊರಗಿಟ್ಟರು. ಮರುಭೂಮಿಯಲ್ಲಿ ಸಾವಿರಾರು ಕಿ.ಮೀ. ಓಡುವವರಿಗೇ 450 ಸಾಕು ಅಂದಮೇಲೆ, ಮುನ್ನೂರು ಅಡಿಗೊಂದು ತಿರುವು ಇರುವ ಟ್ರ್ಯಾಕ್‌ನಲ್ಲಿ ಹೊಸಬನಿಗೆ ಅದು ಏಕೆ?

ಗಾಡಿ ಬೆಲೆ ಮೊದಲ ಕಂತು ಮಾತ್ರ

ಅಂಗಡಿ ನಡೆಸುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಫ್ರಿಜ್ ಕೊಳ್ಳುವುದು ಬೇರೆ, ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟುವುದು ಬೇರೆ.

ರಸ್ತೆ ಗಾಡಿಯ ಎಂಜಿನ್ ಕೆಲಸವನ್ನು ಕಿ.ಮೀ. ಲೆಕ್ಕದಲ್ಲಿ ಹೇಳುತ್ತಾರೆ. ಮೋಟೋಕ್ರಾಸ್ ಎಂಜಿನ್‌ಗೆ ಗಂಟೆ ಲೆಕ್ಕ. ಗಾಡಿಗೆ ಅವರ್ ಮೀಟರ್ ಕಟ್ಟಿ, ಇಷ್ಟು ಗಂಟೆಗೆ ಆಯಿಲ್, ಇಷ್ಟು ಗಂಟೆಗೆ ಪಿಸ್ಟನ್ ಅಂತ ನೋಡುತ್ತಾರೆ. ಹತ್ತಾರು ಗಂಟೆ ಓಡಿದ ಮೇಲೆ ಪಿಸ್ಟನ್ ಬದಲಾಯಿಸುವುದು ಆ ಗಾಡಿಗಳಲ್ಲಿ ಮಾಮೂಲಿ ಸರ್ವಿಸ್. ಬದಲಾಯಿಸದೆ ಎಳೆದರೆ ಪಿಸ್ಟನ್ ಜೊತೆ ಸಿಲಿಂಡರ್, ಕ್ರ್ಯಾಂಕ್ ಎಲ್ಲ ಹೋಗುತ್ತದೆ. ಪಾರ್ಟ್ಸ್ ಹೊರಗಿನಿಂದ ಬರಬೇಕು, ವಾರಗಟ್ಟಲೆ ಕಾಯಬೇಕು.

160 ಸಿಸಿ ರಸ್ತೆ ಎಂಜಿನ್ ಅಷ್ಟು ಒದೆಯುವುದಿಲ್ಲ, ಅದಕ್ಕೇ ಬಾಳಿಕೆ ಬರುತ್ತದೆ. ರೇಸ್‌ಗೆ ಬಳಸಿದರೂ ಪಿಸ್ಟನ್, ರಿಂಗ್‌ನ ಖರ್ಚು ಸಾವಿರಗಳಲ್ಲೇ ಮುಗಿಯುತ್ತದೆ.

ಇದರ ಮೇಲೆ ಹೆಲ್ಮೆಟ್, ಬೂಟು, ಎದೆ ಕವಚ, ಮೊಣಕಾಲು ಗಾರ್ಡ್, ಗ್ಲೌಸ್, ಗಾಗಲ್. ಒಳ್ಳೆ ಮೋಟೋಕ್ರಾಸ್ ಬೂಟು ಒಂದಕ್ಕೇ ಹತ್ತು ಸಾವಿರ ದಾಟುತ್ತದೆ. ಆಮೇಲೆ ಟೈರ್, ಎಂಟ್ರಿ ಫೀಸ್, ಗಾಡಿ ಸಾಗಿಸುವ ಬಾಡಿಗೆ, ಜೊತೆಗೆ ಬರುವ ಮೆಕ್ಯಾನಿಕ್‌ನ ಕೂಲಿ. ಬಜೆಟ್ ಹಾಕುವಾಗ ಕವಚದ ದುಡ್ಡನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಗಾಡಿ ನೋಡಬೇಕು. ಹೆಚ್ಚಿನವರು ಮಾಡುವುದು ತಿರುಗುಮುರುಗು.

ಕಾರು ಓಡಿಸೋ ಆಸೆ ಇದ್ದರೆ

ಕಾರುಗಳಿಗೂ ಎಂಜಿನ್ ಗಾತ್ರದ ಮೇಲೆಯೇ ಕ್ಲಾಸ್. ಮಣ್ಣಿನಲ್ಲಿ ಕಾರು ಓಡಿಸಲು ಆಟೊಕ್ರಾಸ್‌ನಿಂದ ಶುರು ಮಾಡುವುದು ವಾಡಿಕೆ. ಬಯಲಿನಲ್ಲಿ ದಾರಿ ಗುರುತು ಮಾಡಿ, ಗಡಿಯಾರದ ಎದುರು ಓಡಿಸುತ್ತಾರೆ. ಕಡಿಮೆ ಸಮಯ ತಗೊಂಡವನು ಗೆದ್ದ. ಗಾಡಿಗೆ ಗಾಡಿ ಗುದ್ದುವ ಭಯ ಕಡಿಮೆ.

ಕರ್ನಾಟಕದ ರ‍್ಯಾಲಿಗಳಲ್ಲಿ, ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ನ ಕೆ–1000 ಇರಲಿ, ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿ ಇರಲಿ, ಮಾರುತಿ ಎಸ್ಟೀಮ್ ಮತ್ತು ಜಿಪ್ಸಿಗಳು ವರ್ಷಾನುಗಟ್ಟಲೆ ಓಡಿವೆ. ಎಸ್ಟೀಮ್ ಮತ್ತು ಜಿಪ್ಸಿ ಕಿಂಗ್ ಎರಡರ ಎಂಜಿನ್ ಗಾತ್ರವೂ 1298 ಸಿಸಿ, ಒಂದೇ ಮನೆತನದ ಎಂಜಿನ್. ಒಂದರ ಸಾಮಾನು, ಒಂದರ ಕೆಲಸ ಗೊತ್ತಿದ್ದ ಮೆಕ್ಯಾನಿಕ್ ಇನ್ನೊಂದನ್ನೂ ಬಿಚ್ಚುತ್ತಿದ್ದ. ಶಿವಾಜಿನಗರದ ಗುಜರಿಯಲ್ಲಿ ಪಾರ್ಟ್ಸ್ ಹುಡುಕಬಹುದಿತ್ತು. ಗಾಡಿ ಹಳೇದಾದರೂ ಆ ಕ್ಲಾಸ್ ಬಾಳಿದ್ದು ಹೀಗೆ.

ಲೈಸೆನ್ಸ್ ಇಲ್ಲದೆ ರೇಸ್ ಇಲ್ಲ

ದೇಶದಲ್ಲಿ ಮೋಟಾರ್ ರೇಸ್‌ಗೆ ಮಾನ್ಯತೆ ಕೊಡುವುದು ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ, ಅಂದರೆ ಎಫ್‌ಎಂಎಸ್‌ಸಿಐ. ಅದರ ಮಾನ್ಯತೆ ಇರುವ ರೇಸ್‌ನಲ್ಲಿ ಓಡಲು ಅದರದ್ದೇ ಸ್ಪರ್ಧಾ ಲೈಸೆನ್ಸ್ ಬೇಕು. ಆರ್‌ಟಿಒ ಕೊಡುವ ಡಿಎಲ್ ಬೇರೆ, ಇದು ಬೇರೆ. ಅಪ್ರಾಪ್ತರಿಗೆ ಪೋಷಕರ ಒಪ್ಪಿಗೆ ಬೇಕು.

ಊರ ಹೊರಗಿನ ಯಾವುದೋ ಲೇಔಟ್‌ನಲ್ಲಿ, ಕೆರೆ ಅಂಗಳದಲ್ಲಿ ಹುಡುಗರೇ ಸೇರಿ ನಡೆಸುವ "ರೇಸ್"ನಲ್ಲಿ ಇದ್ಯಾವುದೂ ಇರುವುದಿಲ್ಲ. ಆಂಬುಲೆನ್ಸ್ ಇಲ್ಲ, ಡಾಕ್ಟರ್ ಇಲ್ಲ, ವಿಮೆ ಇಲ್ಲ. ಕ್ಲಾಸ್ ಕೂಡ ಇಲ್ಲ. 100 ಸಿಸಿಯವನೂ 390 ಸಿಸಿಯವನೂ ಒಟ್ಟಿಗೆ ಬಿಟ್ಟಾಗ ತಿರುವಿನಲ್ಲಿ ವೇಗದ ವ್ಯತ್ಯಾಸ ಎಷ್ಟಿರುತ್ತದೆ ಅಂದರೆ, ಹಿಂದಿನವನಿಗೆ ಬ್ರೇಕ್ ಹಿಡಿಯಲು ಜಾಗ ಸಿಗುವುದಿಲ್ಲ. ಕ್ಲಾಸ್ ಅನ್ನುವುದು ನ್ಯಾಯಕ್ಕೆ ಎಷ್ಟು ಬೇಕೋ ಜೀವಕ್ಕೂ ಅಷ್ಟೇ ಬೇಕು.

ಪೂರ್ತಿ ಕವಚ, ಡಾಕ್ಟರ್, ಹೆಲಿಕಾಪ್ಟರ್ ಎಲ್ಲ ಇದ್ದಾಗಲೂ ಅಪಾಯ ತಪ್ಪಿದ್ದಲ್ಲ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್, 2021ರ ಡಕಾರ್‌ನಲ್ಲಿ ಸೌದಿ ಅರೇಬಿಯಾದಲ್ಲಿ ಬಿದ್ದು ಕೋಮಾದಲ್ಲಿ ಇರಬೇಕಾಯಿತು. ಅವರು ಚೇತರಿಸಿಕೊಂಡು ಬಂದರು. ತಕ್ಷಣ ಚಿಕಿತ್ಸೆ ಸಿಗುವ ವ್ಯವಸ್ಥೆ ಅಲ್ಲಿತ್ತು. ಕೆರೆ ಅಂಗಳದಲ್ಲಿ ಬಿದ್ದವನಿಗೆ ಅದು ಸಿಗುತ್ತದಾ?

ಇನ್ನು ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 5,000 ರೂ. ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 10,000 ರೂ. ಓಡಿಸಿದವನು ಅಪ್ರಾಪ್ತನಾಗಿದ್ದರೆ 199ಎ ಸೆಕ್ಷನ್ ಬರುತ್ತದೆ. ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ 25,000 ರೂ. ದಂಡ, 3 ವರ್ಷದವರೆಗೆ ಜೈಲು, ಗಾಡಿ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಡಿಎಲ್ ಇಲ್ಲ.

ರೇಸ್‌ಗೆ ಮಾಡಿಫೈ ಮಾಡಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದೂ ತಪ್ಪೇ. ಅನುಮತಿ ಇಲ್ಲದೆ ಗಾಡಿ ರೂಪ ಬದಲಾಯಿಸಿದರೆ ಮಾಲೀಕರ ಮೇಲೆ 182ಎ ಅಡಿ ಕೇಸು ಬೀಳುತ್ತದೆ. ಒಂದು ಬದಲಾವಣೆಗೆ 5,000 ರೂ.ವರೆಗೆ ದಂಡ ಅಥವಾ 6 ತಿಂಗಳವರೆಗೆ ಜೈಲು. ಒಂದೇ ಗಾಡಿಯಲ್ಲಿ ವಾರವೆಲ್ಲ ಕಾಲೇಜಿಗೂ ಭಾನುವಾರ ರೇಸ್‌ಗೂ ಹೋಗಬೇಕು ಅನ್ನುವವರಿಗೆ ಉಳಿಯುವುದು ಸ್ಟಾಕ್ ಕ್ಲಾಸ್ ಒಂದೇ. ರೇಸ್ ಮುಗಿದ ಮೇಲೆ ಲೈಟು, ಕನ್ನಡಿ ವಾಪಸ್ ಹಾಕಿದರೆ ಗಾಡಿ ರಸ್ತೆಗೆ ಸರಿ ಇರುತ್ತದೆ.

ಗ್ಯಾರೇಜ್, ಲೇತ್‌ನವರಿಗೆ

ಈ ಭಾಗದ ಮೆಕ್ಯಾನಿಕ್‌ಗಳಿಗೆ ಇದರಲ್ಲಿ ಕೆಲಸವೂ ಇದೆ, ಹೊಣೆಯೂ ಇದೆ. ಹುಡುಗ ಬಂದು "ಅಣ್ಣಾ, ಬೋರ್ ದೊಡ್ಡದು ಮಾಡಿಕೊಡಿ" ಅಂದಾಗ "ಯಾವ ಕ್ಲಾಸ್‌ಗೆ?" ಅಂತ ಒಂದು ಮಾತು ಕೇಳಿದರೆ ಸಾಕು. ಉತ್ತರ ಇದ್ದರೆ ಅವನು ರೇಸ್‌ಗೆ ಹೋಗುವವನು. ಇಲ್ಲದಿದ್ದರೆ ರಿಂಗ್ ರೋಡ್‌ನಲ್ಲಿ ವ್ಹೀಲಿಂಗ್ ಮಾಡಲು ಹೊರಟವನು ಇರಬಹುದು.

ಮಾಡಿದ ಕೆಲಸವನ್ನು ಬಿಲ್‌ನಲ್ಲಿ ಅಳತೆ ಸಮೇತ ಬರೆದುಕೊಡುವುದು ಒಳ್ಳೇ ರೂಢಿ: ಬೋರ್ ಎಷ್ಟು, ಪಿಸ್ಟನ್ ಯಾವ ಓವರ್‌ಸೈಜ್, ಈಗ ಎಷ್ಟು ಸಿಸಿ. ತಪಾಸಣೆ ವೇಳೆ ಸವಾರನಿಗೆ ಉಪಯೋಗಕ್ಕೆ ಬರುತ್ತದೆ, ಗಾಡಿ ಮಾರುವಾಗ ಕೊಳ್ಳುವವನಿಗೂ ನಂಬಿಕೆ ಬರುತ್ತದೆ. ಸ್ಪೇರ್ ಅಂಗಡಿಯವರಿಗೂ ಇದೇ ಮಾತು. ಒಂದೇ ಕ್ಲಾಸ್‌ನಲ್ಲಿ ಹತ್ತು ಹುಡುಗರು ಇದ್ದರೆ ಅದೇ ಲಿವರ್, ಅದೇ ಕ್ಲಚ್ ಪ್ಲೇಟ್ ತಿರುಗಿ ತಿರುಗಿ ಹೋಗುತ್ತದೆ. ಹತ್ತು ಜನ ಹತ್ತು ಥರದ ಗಾಡಿ ತಗೊಂಡರೆ ಸ್ಟಾಕ್ ಇಟ್ಟವನಿಗೆ ನಷ್ಟ.

ದುಡ್ಡು ಕೊಡುವ ಮುಂಚೆ ಕೇಳಬೇಕಾದ್ದು

• ಮುಂದಿನ ಸೀಸನ್‌ನಲ್ಲಿ ನಾನು ಹೋಗಬಲ್ಲ ರೇಸ್‌ಗಳು ಯಾವುವು? ಅವುಗಳ ನಿಯಮಪತ್ರ ಓದಿದ್ದೀನಾ?
• ಈ ಗಾಡಿಯ ಎಂಜಿನ್ ಈಗ ನಿಜವಾಗಿ ಎಷ್ಟು ಸಿಸಿ? ಆರ್‌ಸಿಯಲ್ಲಿ ಇರುವುದಲ್ಲ, ಬಿಚ್ಚಿ ಅಳೆದದ್ದು.
• ಇದು ಸ್ಟಾಕ್‌ಗೆ ಹೋಗುತ್ತಾ, ಮಾಡಿಫೈಡ್‌ಗಾ?
• ಆ ಕ್ಲಾಸ್‌ನಲ್ಲಿ ಎಷ್ಟು ಗಾಡಿ ಓಡುತ್ತವೆ?
• ಇದರ ಪಿಸ್ಟನ್, ಕ್ಲಚ್, ಲಿವರ್ ನಮ್ಮ ಊರಲ್ಲಿ ಸಿಗುತ್ತಾ?
• ಹೆಲ್ಮೆಟ್, ಬೂಟು, ಗಾರ್ಡ್ ತಗೊಂಡ ಮೇಲೆ ಎಷ್ಟು ಉಳಿಯುತ್ತೆ?
• ಒಂದು ಸಲ ಎಂಜಿನ್ ಪೂರ್ತಿ ಹೋದರೆ, ಸಾಲ ಮಾಡದೆ ಮತ್ತೆ ಕಟ್ಟಿಸಬಲ್ಲೆನಾ?

ಕೊನೇ ಪ್ರಶ್ನೆಗೆ "ಇಲ್ಲ" ಅಂತ ಉತ್ತರ ಬಂದರೆ ಒಂದು ಕ್ಲಾಸ್ ಕೆಳಗೆ ಇಳಿಯುವುದೇ ಸರಿ. ಇಳಿದರೆ ಅವಮಾನ ಏನಿಲ್ಲ. ಉಡುಪಿಯ ಅರವಿಂದ್ ಕೆ.ಪಿ., ಬಿಗ್ ಬಾಸ್ ಕನ್ನಡ 8ರ ರನ್ನರ್ ಅಪ್ ಅಂತ ಮನೆಮಂದಿಗೆಲ್ಲ ಗೊತ್ತಿರುವವರು, ಡಕಾರ್‌ಗೆ ಹೋಗುವ ಮುಂಚೆ ವರ್ಷಗಟ್ಟಲೆ ದೇಶದ ಮಣ್ಣಿನ ಟ್ರ್ಯಾಕ್‌ಗಳಲ್ಲಿ ಓಡಿದವರು. 2019ರಲ್ಲಿ ಮಹಿಳೆಯರ ಬಾಜಾ ವಿಶ್ವಕಪ್ ಗೆದ್ದ ಬೆಂಗಳೂರಿನ ಐಶ್ವರ್ಯ ಪಿಸ್ಸೆ ಕೂಡ ಇಲ್ಲಿನ ರೇಸ್‌ಗಳಿಂದಲೇ ಮೇಲೆ ಬಂದವರು.

ಸಂತೋಷ್ ಅವರೇ ಕಟ್ಟಿದ ಬಿಗ್ ರಾಕ್ ಡರ್ಟ್ ಪಾರ್ಕ್ ಕೋಲಾರದ ಕಡೆ ಇದೆ. ಚಿಕ್ಕಜಾಲದಲ್ಲಿ ಮುಗಿದ ಆ ಮೊದಲ ಲೀಗ್‌ನ ಚಾಂಪಿಯನ್ ಆಗಿದ್ದೂ ಅವರದೇ ಬಿಗ್ ರಾಕ್ ತಂಡ. ಅಂಥ ಕಡೆ ಒಂದೆರಡು ದಿನದ ತರಬೇತಿಗೆ ಹೋದರೆ, ಶಾಲೆಯ ಗಾಡಿಯಲ್ಲೇ ಬಿದ್ದು ಎದ್ದು, ತನಗೆ ಈ ಆಟ ಆಗುತ್ತದೋ ಇಲ್ಲವೋ ಅಂತ ಹುಡುಗನಿಗೇ ಗೊತ್ತಾಗುತ್ತದೆ. ಗಾಡಿಗೆ ಅಂತ ಲಕ್ಷ ಕೊಡುವ ಮುಂಚೆ ಆ ಖರ್ಚು ಮಾಡುವುದು ಲಾಭವೇ. ಕೋಲಾರದ ಬಸ್ಸು ಟಿನ್ ಫ್ಯಾಕ್ಟರಿಯಲ್ಲೇ ನಿಲ್ಲುತ್ತದೆ.